ದೋಟಿಗೆ ಕಟ್ಟಿದ ರೆಕಾರ್ಡರ್: ಜೂಮ್ ಎಚ್1ಎನ್ ಇಟ್ಟುಕೊಂಡು ಒಂದು ಥ್ರಿಲ್ಲರ್ ಮಾಡಿದ ಮೇಲೆ

ಇದು ಡಬ್ಬ ಬಿಚ್ಚಿ ತೋರಿಸುವ ರಿವ್ಯೂ ಅಲ್ಲ. ನನ್ನ ಹತ್ತಿರ ಈ ಸದ್ದು ಹಿಡಿಯುವ ರೆಕಾರ್ಡರಿನ ಡಬ್ಬವೇ ಇಲ್ಲ. ಶಿವಮೊಗ್ಗದಲ್ಲಿ ಮದುವೆ ವಿಡಿಯೋ ಮಾಡುವ ಒಬ್ಬರಿಂದ ಐದೂವರೆ ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ತಗೊಂಡೆ. ಜೊತೆಗೆ ಒಂದು ಮೆಮೊರಿ ಕಾರ್ಡು, ಮೈಕಿಗೆ ಹಾಕುವ ಮಾಸಿದ ಸ್ಪಂಜಿನ ಟೋಪಿ ಕೊಟ್ಟರು. ಹೊರಡುವಾಗ "ಆಟೋ ಲೆವೆಲ್ ಮಾತ್ರ ಹಾಕ್ಬೇಡಮ್ಮಾ" ಅಂದರು. ಕಾರ್ಡು, ಟೋಪಿ ಎರಡನ್ನೂ ಜೋಪಾನವಾಗಿ ಬ್ಯಾಗಿಗೆ ಹಾಕಿಕೊಂಡೆ. ಮಾತನ್ನು ಅಲ್ಲೇ ಬಿಟ್ಟು ಬಂದೆ.

ಪತ್ರಿಕೋದ್ಯಮ ಎಂಎ ಕೊನೆಯ ಸೆಮಿಸ್ಟರ್‌ಗೆ ಒಂದು ಕಿರುಚಿತ್ರ ಮಾಡಬೇಕಿತ್ತು. ನಾವು ಏಳು ಜನ, ಕೈಯಲ್ಲಿ 18 ಸಾವಿರ ರೂಪಾಯಿ. ಕಥೆ ನನ್ನದು. ತೀರ್ಥಹಳ್ಳಿ ಕಡೆಯ ಒಂದು ಹಳೇ ಮನೆ. ಅಜ್ಜ ತೀರಿಕೊಂಡ ಮೇಲೆ ಅವರ ಕೋಣೆಗೆ ಬೀಗ ಬಿದ್ದಿದೆ. ಮೊಮ್ಮಗಳು ಒಬ್ಬಳೇ ಇರುವ ರಾತ್ರಿ, ಆ ಕೋಣೆಯೊಳಗೆ ಯಾರೋ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಸದ್ದು ಕೇಳುತ್ತದೆ. ನಮ್ಮ ಕಡೆ ಸುಲಿಗೆಯ ದಿನಗಳಲ್ಲಿ ಇದು ಎಲ್ಲರ ಮನೆಯ ಸದ್ದು. ಇದನ್ನು ಕೇಳುತ್ತಲೇ ಮಕ್ಕಳು ನಿದ್ದೆ ಹೋಗುತ್ತಾರೆ. ಆದರೆ ಖಾಲಿ ಮನೆಯಲ್ಲಿ, ಬೀಗ ಹಾಕಿದ ಕೋಣೆಯಿಂದ ಕೇಳಿದರೆ? ಅಷ್ಟೇ ಕಥೆ. ಒಳಗಿರುವುದು ದೆವ್ವ ಅಲ್ಲ, ಮನುಷ್ಯ. ಯಾರು ಅಂತ ಇಲ್ಲಿ ಹೇಳುವುದಿಲ್ಲ.

ಕಥೆಯೇ ಸದ್ದಿನ ಮೇಲೆ ನಿಂತಿದ್ದರೂ ನಮ್ಮ ಮೊದಲ ಮೀಟಿಂಗು ಪೂರ್ತಿ ಕ್ಯಾಮೆರಾ ಬಗ್ಗೆಯೇ ನಡೆಯಿತು. ಯಾವ ಬಾಡಿ, ಯಾವ ಲೆನ್ಸು, ಗಿಂಬಲ್ ಬೇಕಾ ಬೇಡವಾ. ನಾನು ರೆಕಾರ್ಡರ್ ವಿಷಯ ಎತ್ತಿದಾಗ ನಮ್ಮ ಕ್ಯಾಮೆರಾದವನು "ಡಬ್ಬಿಂಗ್ ಮಾಡಿದ್ರಾಯ್ತಪ್ಪ, ನೀನೇನು ರಸೂಲ್ ಪೂಕುಟ್ಟಿನಾ?" ಅಂದ. 2009ರಲ್ಲಿ ಆಸ್ಕರ್ ತಗೊಂಡ ಸೌಂಡ್ ಡಿಸೈನರ್‌ಗೆ ನನ್ನನ್ನು ಹೋಲಿಸಿದ್ದಕ್ಕೆ ಖುಷಿಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ಡಬ್ಬಿಂಗ್ ಸ್ಟುಡಿಯೋಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡಬೇಕು ಅಂತ ಗೊತ್ತಾದ ಮೇಲೆ ಅವನೇ ಸುಮ್ಮನಾದ.

ಇನ್ನು ವಸ್ತುವಿನ ಬಗ್ಗೆ. ಜೂಮ್ ಕಂಪನಿಯ ಎಚ್1ಎನ್ 2018ರಲ್ಲಿ ಬಂದದ್ದು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದಷ್ಟು ಚಿಕ್ಕದು. ತಲೆಯ ಮೇಲೆ ಎರಡು ಮೈಕು ಒಂದಕ್ಕೊಂದು ಅಡ್ಡ ಕೂತಿವೆ, 90 ಡಿಗ್ರಿ ಕೋನದಲ್ಲಿ. ಎಡದ ಸದ್ದು ಎಡಕ್ಕೆ, ಬಲದ್ದು ಬಲಕ್ಕೆ ಚೆನ್ನಾಗಿ ಬೇರೆಯಾಗಿ ಬರುತ್ತದೆ. ಮುಂದೆ ಹಳೇ ರೇಡಿಯೋದ ಹಾಗೆ 0ಯಿಂದ 10ರವರೆಗಿನ ಒಂದು ತಿರುಗಣೆ. ಅದರಿಂದಲೇ ಗೇನ್, ಅಂದರೆ ಮೈಕು ಸದ್ದನ್ನು ಎಷ್ಟು ಜೋರಾಗಿ ಹಿಡಿಯಬೇಕು ಅನ್ನುವುದನ್ನು, ಏರಿಸಿ ಇಳಿಸಬೇಕು. ಮೆನುವಿನೊಳಗೆ ಹುಡುಕಾಡುವ ಕೆಲಸ ಕಡಿಮೆ. ಟಿವಿ ರಿಮೋಟಿಗೆ ಹಾಕುವ ಸಣ್ಣ ಬ್ಯಾಟರಿ ಎರಡು ಸಾಕು. ಆದರೆ ಆಲ್ಕಲೈನ್ ಬ್ಯಾಟರಿಯನ್ನೇ ಹಾಕಿ. ನಾನು ಊರಿನ ಅಂಗಡಿಯ ಅಗ್ಗದ ಬ್ಯಾಟರಿ ಹಾಕಿ, ಒಂದು ಒಳ್ಳೇ ಟೇಕ್ ಕಳೆದುಕೊಂಡೆ. ಹಿಂದುಗಡೆ ಟ್ರೈಪಾಡ್ ಸ್ಕ್ರೂ ಹಾಕುವ ತೂತು ಇದೆ. ಇದು ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ರಾತ್ರಿ ನಾನು ಆಟೋ ಲೆವೆಲ್ ಆನ್ ಮಾಡಿಯೇ ಶೂಟ್ ಮಾಡಿದೆ. ತಾನೇ ಹೊಂದಿಸಿಕೊಳ್ಳುತ್ತದೆ ಅಂದರೆ ಒಳ್ಳೆಯದೇ ಅಲ್ವಾ ಅಂದುಕೊಂಡೆ. ಹುಡುಗಿ ಪಿಸುಗುಟ್ಟುತ್ತಾಳೆ, "ಅಜ್ಜಾ?" ಆಮೇಲೆ ಐದು ಸೆಕೆಂಡ್ ಮೌನ. ಆ ಮೌನವೇ ನಮ್ಮ ಇಡೀ ಸಿನಿಮಾ. ಈ ಯಂತ್ರಕ್ಕೆ ಮೌನ ಅಂದರೆ ಏನು ಗೊತ್ತು? ಸದ್ದು ಕಡಿಮೆಯಾಯಿತು ಅಂತ ಗೇನ್ ಏರಿಸಿತು. ಮೇ ತಿಂಗಳ ಕೊನೆ, ಮಳೆಗೆ ಮುಂಚಿನ ಮಲೆನಾಡು. ಹೊರಗಿದ್ದ ಜೀರುಂಡೆಗಳೆಲ್ಲ ಮೆಲ್ಲಮೆಲ್ಲಗೆ ಮನೆಯೊಳಗೆ ನುಗ್ಗಿ ಬಂದ ಹಾಗೆ ಆಯಿತು. ಅವಳು ಮತ್ತೆ ಮಾತಾಡಿದ ಕೂಡಲೇ ಜೀರುಂಡೆ ಮಾಯ. ಸುಮ್ಮನಾದರೆ ಮತ್ತೆ ಹಾಜರ್. ಎಡಿಟಿಂಗ್‌ನಲ್ಲಿ ಇದನ್ನು ಸರಿ ಮಾಡಲು ಆಗುವುದಿಲ್ಲ. ಒಂದು ರಾತ್ರಿಯ ಕೆಲಸ ಪೂರ್ತಿ ಹೋಯಿತು. ಯಂತ್ರದ ತಪ್ಪಲ್ಲ. ಮೀಟಿಂಗ್ ರೆಕಾರ್ಡ್ ಮಾಡುವವರಿಗೆ ಆ ಗುಂಡಿ ವರದಾನ. ಥ್ರಿಲ್ಲರ್ ಮಾಡುವವರು ಅದರ ಮೇಲೆ ಟೇಪ್ ಅಂಟಿಸಿಬಿಡಿ. ನಾನು ಅಂಟಿಸಿದೆ.

ಎರಡನೇ ದಿನದಿಂದ ಗೇನ್ ಕೈಯಲ್ಲೇ ಇಟ್ಟೆವು. ಮೀಟರಿನಲ್ಲಿ ಮಾತು ಮೈನಸ್ 12 ಡೆಸಿಬೆಲ್ ಆಸುಪಾಸು ಕುಣಿಯುತ್ತಿದ್ದರೆ ಸಾಕು. ಸೊನ್ನೆ ಮುಟ್ಟಿದರೆ ಸದ್ದು ಒಡೆಯುತ್ತದೆ. ಇಷ್ಟೆಲ್ಲ ತಿಳಿದುಕೊಂಡರೂ ಕಿರುಚುವ ಶಾಟ್‌ನಲ್ಲಿ ಒಡೆಯಿತು. ರಿಹರ್ಸಲ್‌ನಲ್ಲಿ ನಮ್ಮ ಹುಡುಗಿ ಗಂಟಲು ಉಳಿಸಿಕೊಂಡು ಮೆಲ್ಲಗೆ ಕೂಗಿದ್ದಳು. ನಾನು ಅದಕ್ಕೇ ಗೇನ್ ಹೊಂದಿಸಿದೆ. ಟೇಕ್‌ನಲ್ಲಿ ಅವಳು ಕೂಗಿದ್ದು ಆಚೆ ಮನೆಯವರೆಗೂ ಕೇಳಿತು. ಕೇಳಿತು ಅಂತ ಗೊತ್ತಾದದ್ದು ಹೇಗೆಂದರೆ, ಅಲ್ಲಿಂದ ಇಬ್ಬರು ಟಾರ್ಚು, ಕತ್ತಿ ಹಿಡಿದು ಓಡಿ ಬಂದರು! ನಾವು ಶೂಟ್ ಮಾಡುತ್ತಿದ್ದ ಮನೆಯಲ್ಲೇ ಇದ್ದ ನನ್ನ ದೊಡ್ಡಮ್ಮ ಅವರನ್ನು ಕೂರಿಸಿ ಕಾಫಿ ಕೊಟ್ಟು ಸಮಾಧಾನ ಮಾಡಬೇಕಾಯಿತು. ರಾತ್ರಿ ಶೂಟಿಂಗ್ ಇದ್ದರೆ ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ. ಕಿರುಚಾಟಕ್ಕೆ ಬೇರೆ ಗೇನ್ ಇಟ್ಟು, ಬೇರೆ ಟೇಕ್ ತಗೊಳ್ಳಿ.

ಈಗ ದೋಟಿಯ ವಿಷಯ. ರೆಕಾರ್ಡರನ್ನು ಕ್ಯಾಮೆರಾ ತಲೆಯ ಮೇಲೆ ಕೂರಿಸಿದರೆ ಏನಾಗುತ್ತದೆ ಅಂತ ನೋಡಿದೆವು. ಕ್ಯಾಮೆರಾ ಎಂಟು ಅಡಿ ದೂರ, ಹಾಗಾಗಿ ಮೈಕೂ ಎಂಟು ಅಡಿ ದೂರ. ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಿತು. ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಬೀಳುತ್ತದೆ. ಗೋಡೆಯಿಂದ ಮರಳುವ ಸದ್ದು ಮಾತ್ರ ಅಷ್ಟೇ ಇರುತ್ತದೆ. ಮೈಕು ಬಾಯಿಯ ಹತ್ತಿರ ಹೋಗಲೇಬೇಕು, ಫ್ರೇಮಿನಲ್ಲಿ ಕಾಣಲೂಬಾರದು. ಅದಕ್ಕೆ ಬೂಮ್ ಕೋಲು, ಅಂದರೆ ಮೈಕು ಕಟ್ಟಿ ಮೇಲಿಂದ ಹಿಡಿಯುವ ಉದ್ದ ಕೋಲು ಬೇಕು. ಸಿನಿಮಾದವರು ಬಳಸುವ ಒಳ್ಳೇ ಬೂಮ್ ಕೋಲು ಕಾರ್ಬನ್ ಫೈಬರಿನದ್ದು, ಹಗುರ. ಬಾಡಿಗೆಗೆ ವಿಚಾರಿಸೋಣ ಅಂತ ಮಾತಾಡುತ್ತಾ ಕೂತಿದ್ದಾಗ ತಲೆ ಎತ್ತಿ ನೋಡಿದೆ. ಜಗಲಿಯ ಸೂರಿನಡಿ ಚಿಕ್ಕಪ್ಪನ ಅಡಿಕೆ ಕೊಯ್ಯುವ ದೋಟಿ ಮಲಗಿತ್ತು. ಅದೂ ಕಾರ್ಬನ್ ಫೈಬರೇ!

ಚಿಕ್ಕಪ್ಪ ಸುಲಭಕ್ಕೆ ಒಪ್ಪಲಿಲ್ಲ. "ಮುರಿದ್ರೆ ನಿನ್ನ ಸಿನಿಮಾದ ಹೀರೋನೇ ಮರ ಹತ್ತಬೇಕು ನೋಡು ಮಾರಾಯ್ತಿ" ಅಂದರು. ಅದೇ ದೋಟಿಯಿಂದ ಅಡಿಕೆಗೆ ಔಷಧಿ ಹೊಡೆಯಲು ಇನ್ನೂ ಎರಡು ವಾರ ಇದೆ ಅಂತ ಲೆಕ್ಕ ತೋರಿಸಿ ಒಪ್ಪಿಸಿದೆ. ತುದಿಯ ಎರಡೇ ತುಂಡು ಬಿಡಿಸಿ ತಗೊಂಡೆವು. ಹಳೇ ಮೊಬೈಲ್ ಟ್ರೈಪಾಡಿನ ತಲೆಯನ್ನು ರಬ್ಬರ್ ಬ್ಯಾಂಡ್, ಸೈಕಲ್ ಟ್ಯೂಬಿನ ಪಟ್ಟಿಯಿಂದ ಅದಕ್ಕೆ ಕಟ್ಟಿ, ರೆಕಾರ್ಡರನ್ನು ಹಿಂದಿನ ಸ್ಕ್ರೂ ತೂತಿಗೆ ಸಿಕ್ಕಿಸಿದೆವು. ರಬ್ಬರ್ ಯಾಕೆಂದರೆ ಎಚ್1ಎನ್ ಮೈ ಪ್ಲಾಸ್ಟಿಕ್. ಬೆರಳು ಸೋಕಿದರೂ ಗರಗರ ಅನ್ನುತ್ತದೆ. ಇದನ್ನು ಕೈಯಲ್ಲಿ ಹಿಡಿದು ರೆಕಾರ್ಡ್ ಮಾಡುವ ಆಸೆ ಬೇಡವೇ ಬೇಡ. ನನಗೆ ಇದರಲ್ಲಿ ಕಂಡ ದೊಡ್ಡ ಕೊರತೆ ಇದೇ. ದೋಟಿಗೆ ಕಟ್ಟಿದ ಮೇಲೆ ಮೈಕು ತಲೆಯಿಂದ ಒಂದೂವರೆ ಅಡಿ ಮೇಲೆ ತೂಗಾಡುತ್ತಿತ್ತು. ಮೊದಲ ಬಾರಿ ಇಯರ್‌ಫೋನಿನಲ್ಲಿ ಅವಳ ಉಸಿರು ಕೇಳಿದಾಗ ನನ್ನ ಕೈ ಜುಮ್ಮೆಂದಿತು. ಆಮೇಲೆ ಕೈ ನೋವಿನಿಂದಲೂ ಜುಮ್ಮೆಂದಿತು, ಅದು ಬೇರೆ ವಿಷಯ.

ಫ್ರಿಜ್ಜು ಒಂದು ಶತ್ರು. ದಿನಾ ಅದರ ಸದ್ದು ನಮಗೆ ಕೇಳುವುದೇ ಇಲ್ಲ, ಮೈಕಿಗೆ ಚೆನ್ನಾಗಿ ಕೇಳುತ್ತದೆ. ಮೊದಲ ದಿನ ಆಫ್ ಮಾಡಿದೆ, ಮತ್ತೆ ಆನ್ ಮಾಡಲು ಮರೆತೆ. ಬೆಳಿಗ್ಗೆ ಹಾಲು ಒಡೆದಿತ್ತು. ದೊಡ್ಡಮ್ಮ ಏನೂ ಹೇಳಲಿಲ್ಲ, ಎಲ್ಲರಿಗೂ ಕಪ್ಪು ಚಾ ಕೊಟ್ಟರು. ಹೇಳಿದ್ದರೇ ವಾಸಿಯಿತ್ತು. ಆಮೇಲೆ ನಾನು ಸಿನಿಮಾದವರ ಹಳೇ ಉಪಾಯ ಹಿಡಿದೆ. ಫ್ರಿಜ್ ಆಫ್ ಮಾಡುವಾಗ ಸ್ಕೂಟಿ ಕೀ ಅದರೊಳಗೇ ಇಟ್ಟುಬಿಡುವುದು. ಮನೆಗೆ ಹೊರಡಬೇಕಾದರೆ ಫ್ರಿಜ್ ತೆಗೆಯಲೇಬೇಕಲ್ಲ. ಕರೆಂಟ್ ಹೋದಾಗ ಫ್ಯಾನಿನಿಂದ ಗುಯ್ ಅನ್ನಿಸುವ ಇನ್ವರ್ಟರೂ ಅಷ್ಟೇ ಕಾಟ ಕೊಟ್ಟಿತು. ಸೆಖೆಯಲ್ಲಿ ಬೆವರಿಕೊಂಡೇ ನಟಿಸಿದರು. ಪರದೆ ಮೇಲೆ ಅದು ಭಯದ ಬೆವರಿನ ಹಾಗೆ ಕಾಣುತ್ತದೆ. ಲಾಭವೇ.

ರೂಮ್ ಟೋನ್ ಅಂತ ಒಂದಿದೆ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನೆ ನಿಂತು, ಒಂದು ನಿಮಿಷ ಆ ಜಾಗದ ಖಾಲಿ ಸದ್ದನ್ನೇ ರೆಕಾರ್ಡ್ ಮಾಡಿಕೊಳ್ಳುವುದು. ಎರಡು ಮಾತಿನ ನಡುವೆ ಕತ್ತರಿಸಿದಾಗ ಆಗುವ ತೂತನ್ನು ಇದರಿಂದ ಮುಚ್ಚಬೇಕು. ಏಳು ಜನ ಒಂದು ನಿಮಿಷ ಸುಮ್ಮನಿರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಒಬ್ಬನಿಗೆ ನಗು, ಒಬ್ಬನಿಗೆ ಕೆಮ್ಮು, ಹೊರಗೆ ನಾಯಿ. ಅಟ್ಟದ ಮೆಟ್ಟಿಲ ಹತ್ತಿರ ಮಾತ್ರ ತಗೊಳ್ಳಲು ಮರೆತೆವು. ಈಗಲೂ ಸಿನಿಮಾ ನೋಡುವಾಗ ಆ ದೃಶ್ಯ ಬಂದರೆ ಜೀರುಂಡೆ ಟಕ್ ಅಂತ ನಿಂತು ಮತ್ತೆ ಶುರುವಾಗುವುದು ನನಗೆ ಕೇಳುತ್ತದೆ. ಬೇರೆಯವರು ಗಮನಿಸಿಲ್ಲ ಅನ್ನುತ್ತಾರೆ. ಸುಮ್ನೆ ಹೇಳುತ್ತಾರೆ.

ಇನ್ನು ಅಸಲಿ ಸದ್ದು, ಅಡಿಕೆ ಸುಲಿಯುವುದು. ಮೇ ತಿಂಗಳಲ್ಲಿ ಹಸಿ ಅಡಿಕೆ ಎಲ್ಲಿಂದ ತರುವುದು? ಅಟ್ಟದಲ್ಲಿ ಒಂದು ಚೀಲ ಸಿಪ್ಪೆಗೋಟು, ಅಂದರೆ ಸಿಪ್ಪೆಸಮೇತ ಒಣಗಿದ ಅಡಿಕೆ ಇತ್ತು. ದೊಡ್ಡಮ್ಮನೇ ಮೆಟ್ಟುಗತ್ತಿ ಹಾಕಿಕೊಂಡು ಕೂತರು. ಹತ್ತಿರ ಹಿಡಿದು ರೆಕಾರ್ಡ್ ಮಾಡಿದೆ. ಎಷ್ಟು ಸ್ಪಷ್ಟವಾಗಿ ಬಂತೆಂದರೆ, ಭಯ ಅನ್ನುವುದು ಒಂಚೂರೂ ಉಳಿಯಲಿಲ್ಲ. ಯಾರೋ ಅಡಿಕೆ ಸುಲಿಯುತ್ತಿದ್ದಾರೆ, ಅಷ್ಟೇ. ಕಬ್ಬು ಮುರಿದು ನೋಡಿದೆವು, ಒಣ ಅಡಿಕೆ ಹಾಳೆ ಸೀಳಿದೆವು, ಬೆಂಡೆಕಾಯಿಯನ್ನೂ ಬಿಡಲಿಲ್ಲ. ಯಾವುದೂ ಕೂಡಲಿಲ್ಲ. ಸಾಕಾಗಿ ದೊಡ್ಡಮ್ಮ "ನೀವು ಆಡ್ಕಳಿ, ನಾನು ಇದಿಷ್ಟು ಮುಗಿಸ್ತೀನಿ" ಅಂತ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವು ಹೊರಗೆ ಸಾಮಾನು ಕಟ್ಟುತ್ತಿದ್ದೆವು. ರೆಕಾರ್ಡರ್ ಬೆಂಚಿನ ಮೇಲೆ ಆನ್ ಇತ್ತು.

ಆ ದಪ್ಪ ಹಲಸಿನ ಬಾಗಿಲು ಸದ್ದಿನ ಚುರುಕನ್ನೆಲ್ಲ ತಡೆದು, ಬರೀ ಗುದ್ದನ್ನು ಆಚೆ ಬಿಟ್ಟಿತ್ತು. ಟಪ್. ಸ್ವಲ್ಪ ಹೊತ್ತು. ಟಪ್. ಏನು ನಡೆಯುತ್ತಿದೆ ಅಂತ ಗೊತ್ತಾಗುವುದಿಲ್ಲ, ಯಾರೋ ಇದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ. ಸಿನಿಮಾದಲ್ಲಿ ಇರುವುದು ಅದೇ ಹನ್ನೊಂದು ನಿಮಿಷದ ಫೈಲು. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಪ್ಲಗಿನ್ ಹಾಕಿ ಇದೇ ಪರಿಣಾಮ ತರಬಹುದು ಅಂತ ನಮ್ಮ ಎಡಿಟರ್ ಈಗಲೂ ವಾದಿಸುತ್ತಾನೆ. ತರಲಿ ನೋಡೋಣ.

ಕೊರತೆಗಳನ್ನೂ ಹೇಳಬೇಕು. ಪಿಸುಮಾತಿಗಾಗಿ ತಿರುಗಣೆಯನ್ನು 8ರ ಮೇಲೆ ಕೊಂಡೊಯ್ದರೆ ಹಿನ್ನೆಲೆಯಲ್ಲಿ ಸ್ಸ್ ಅನ್ನುವ ಸದ್ದು ಬರುತ್ತದೆ. ಅದಕ್ಕೇ ಗೇನ್ ಏರಿಸುವ ಬದಲು ಮೈಕನ್ನೇ ಹತ್ತಿರ ತನ್ನಿ. ಗಾಳಿಗೆ ಸ್ಪಂಜಿನ ಟೋಪಿ ಸಾಲದು, ರೋಮದ ಟೋಪಿ ಬೇಕು. ದೊಡ್ಡ ಮೈಕುಗಳ ಎಕ್ಸ್‌ಎಲ್‌ಆರ್ ವೈರು ಹಾಕುವ ಜಾಗ ಇಲ್ಲ, ಸಣ್ಣ 3.5 ಎಂಎಂ ಪಿನ್ ಮಾತ್ರ. ಅದಕ್ಕೆ ಕಾಲರ್ ಮೈಕು ಹಾಕಬಹುದು. ನಾವು ಹಾಕಿದೆವು, ಗಂಜಿ ಹಾಕಿದ ಕಾಟನ್ ಸೀರೆಗೆ ಉಜ್ಜಿ ಹಾಳಾಯಿತು. ಕಾರ್ಡು 32 ಜಿಬಿವರೆಗೆ ಮಾತ್ರ. ಅದು ಕೊರತೆ ಅಂತ ನನಗೆ ಅನಿಸಲಿಲ್ಲ. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಗಂಟೆಗೆ ಸುಮಾರು ಒಂದು ಜಿಬಿ ಬೇಕು, ಅಷ್ಟೇ. ಕ್ಯಾಮೆರಾದ ದೃಶ್ಯಕ್ಕೆ ಸದ್ದು ಕೂಡಿಸುವ ಕೆಲಸ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲೇ ಆಗುತ್ತದೆ. ಕ್ಯಾಮೆರಾದ ಮೈಕನ್ನೂ ಆನ್ ಇಟ್ಟು, ಟೇಕ್ ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಸಾಕು.

ಕ್ಯಾಮೆರಾ ಬಗ್ಗೆ ಒಂದೇ ಮಾತು. ನಮ್ಮ ಕರೆಂಟು 50 ಹರ್ಟ್ಸ್. ಬಲ್ಬಿನ ಬೆಳಕಿನಲ್ಲಿ ಸೆಕೆಂಡಿಗೆ 25 ಫ್ರೇಮ್, 1/50 ಶಟರ್ ಇಡಿ. ನಾವು 30, 1/60 ಇಟ್ಟು ಜಗಲಿಯ ದೃಶ್ಯದಲ್ಲಿ ಗೋಡೆ ಮೇಲೆಲ್ಲ ಪಟ್ಟೆ ಓಡಿಸಿದೆವು. ಮತ್ತೆ ತೆಗೆಯಬೇಕಾಯಿತು.

ಕಾಲೇಜಿನ ಸಭಾಂಗಣದಲ್ಲಿ ಮೊದಲ ಪ್ರದರ್ಶನ. ಎಡಿಟ್ ಮಾಡುವಾಗ ನಾನು ಹೆಡ್‌ಫೋನಿನಲ್ಲಿ ಕೇಳಿಕೊಂಡು, ಬೀಗದ ಕೋಣೆಯ ಸದ್ದನ್ನು ಪೂರ್ತಿ ಬಲಕ್ಕೆ ಸರಿಸಿದ್ದೆ. ಕೋಣೆ ಇರುವುದು ಬಲಗಡೆ ತಾನೇ? ಆ ದಿನ ಅಲ್ಲಿನ ಆಂಪ್ಲಿಫಯರಿಗೆ ಹೋಗಿದ್ದು ಎಡದ ಚಾನೆಲ್ ಒಂದೇ. ಹುಡುಗಿ ಬೆಚ್ಚುತ್ತಾಳೆ, ಎದ್ದು ಕೂರುತ್ತಾಳೆ, ಬಾಗಿಲಿಗೆ ಕಿವಿ ಇಡುತ್ತಾಳೆ. ಸಭಾಂಗಣದಲ್ಲಿ ಏನೂ ಕೇಳುತ್ತಿಲ್ಲ. ಹಿಂದಿನ ಸಾಲಿನಿಂದ ಯಾರೋ "ಇವಳಿಗೇನಾಯ್ತು?" ಅಂದರು. ಎಲ್ಲರೂ ನಕ್ಕರು. ನಾನು ಪ್ರೊಜೆಕ್ಟರ್ ಪಕ್ಕ ನಿಂತು ನೆಲ ನೋಡುತ್ತಿದ್ದೆ. ಮೊದಲೇ ಹೋಗಿ ಎರಡು ನಿಮಿಷ ಹಾಕಿ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಮರುದಿನವೇ ಆ ಸದ್ದನ್ನು ನಡುವಿಗೆ ತಂದು, ಬಲಕ್ಕೆ ಒಂದಿಷ್ಟು ಮಾತ್ರ ವಾಲಿಸಿದೆ.

ಎರಡನೇ ಪ್ರದರ್ಶನ ಊರಲ್ಲಿ. ಜಗಲಿಯ ಗೋಡೆಗೆ ಬಿಳಿ ಪಂಚೆ, ಬಾಡಿಗೆ ಪ್ರೊಜೆಕ್ಟರು, ಎರಡು ಸ್ಪೀಕರು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಹೆಂಚಿನ ಮೇಲೆ ನೀರಿನ ಸದ್ದು, ಅದರ ನಡುವೆ ನಮ್ಮ ಟಪ್. ಚಿಕ್ಕಪ್ಪ ತಿರುಗಿ ನಿಜವಾದ ಕೋಣೆಯ ಕಡೆ ನೋಡಿದರು. ಪಕ್ಕದಲ್ಲೇ ಕೂತಿದ್ದ ದೊಡ್ಡಮ್ಮ "ಎಂತ ನೋಡ್ತೀಯ? ಸುಲೀತಿರೋದು ನಾನೇ" ಅಂದರು.

ಕೊಳ್ಳಬೇಕಾ? ಹೊಸದೇ ಬೇಕೆಂದರೆ ಇದರ ಮುಂದಿನ ಮಾದರಿ ಎಚ್1 ಎಸೆನ್ಷಿಯಲ್ 2024ರಲ್ಲಿ ಬಂದಿದೆ. ಅದು 32 ಬಿಟ್ ಫ್ಲೋಟ್‌ನಲ್ಲಿ ರೆಕಾರ್ಡ್ ಮಾಡುತ್ತದೆ. ಗೇನ್ ಹೊಂದಿಸುವ ತಾಪತ್ರಯವಿಲ್ಲ. ನಮ್ಮ ಕಿರುಚಾಟದಂಥದ್ದನ್ನೂ ಎಡಿಟಿಂಗ್‌ನಲ್ಲಿ ತಗ್ಗಿಸಿಕೊಳ್ಳಬಹುದು. ದುಡ್ಡಿದ್ದರೆ ಅದನ್ನೇ ತಗೊಳ್ಳಿ. ಇಲ್ಲವೆಂದರೆ ಸೆಕೆಂಡ್ ಹ್ಯಾಂಡ್ ಎಚ್1ಎನ್ ಐದಾರು ಸಾವಿರಕ್ಕೆ ಸಿಕ್ಕರೆ ಬಿಡಬೇಡಿ. ತಿರುಗಣೆ ತಿರುಗಿಸುವಾಗ ಕರಕರ ಅನ್ನುತ್ತದಾ, ಬ್ಯಾಟರಿ ಮುಚ್ಚಳ ಸರಿ ಕೂರುತ್ತದಾ ನೋಡಿಕೊಳ್ಳಿ. ನನ್ನಿಂದ ಐದಕ್ಕೆ ನಾಲ್ಕು ಅಂಕ.

ನನ್ನದನ್ನು ಈ ವರ್ಷದ ಜೂನಿಯರ್ಸ್ ಕೇಳಿದ್ದಾರೆ. ಟೇಪ್ ಕೀಳಬಾರದು ಅನ್ನುವ ಷರತ್ತಿನ ಮೇಲೆ ಕೊಡುತ್ತೇನೆ. ದೋಟಿಯನ್ನು ಮಾತ್ರ ಅವರೇ ಹೋಗಿ ಚಿಕ್ಕಪ್ಪನ ಹತ್ತಿರ ಕೇಳಬೇಕು.