ಅಂತ್ಯ ಮೊದಲೇ ಗೊತ್ತಿರುವ ಪುಸ್ತಕಗಳು: ಹಳೆಯ ಓದುಗಿಯೊಬ್ಬಳ ವಿಮರ್ಶೆ

ಮಿಲ್ಸ್ ಅಂಡ್ ಬೂನ್ ಮಾದರಿಯ ಕಿರು ಪ್ರೇಮ ಕಾದಂಬರಿಗಳನ್ನು ಕಾಲೇಜಿನ ದಿನಗಳಿಂದ ಓದುತ್ತಾ ಬಂದಿದ್ದೇನೆ. ಮೊದಲು ಮಲ್ಲೇಶ್ವರದ ಒಂದು ಬಾಡಿಗೆ ಲೈಬ್ರರಿಯಿಂದ ತರುತ್ತಿದ್ದೆ, ಆಮೇಲೆ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಿಂದ. ಈಗ ಹೆಚ್ಚಿನಂಶ ಮೊಬೈಲಿನಲ್ಲೇ ಓದುತ್ತೇನೆ. ಇವುಗಳ ಬಗ್ಗೆ ಓದದವರು ನಗುತ್ತಾರೆ, ಓದುವವರು ಬಾಯಿ ಬಿಡುವುದಿಲ್ಲ. ಹೀಗಾಗಿ ಹೊಸದಾಗಿ ಕೊಳ್ಳುವವರಿಗೆ ಉಪಯೋಗವಾಗುವ ಮಾತು ಎಲ್ಲೂ ಸಿಗುವುದಿಲ್ಲ. ಅದಕ್ಕಾಗಿ ಇದು.

ಮೊದಲು ವಸ್ತುವಿನ ಪರಿಚಯ. ಸುಮಾರು 50 ಸಾವಿರ ಪದ, 190 ಪುಟದ ಆಸುಪಾಸು, ಕೈಚೀಲದ ಪಕ್ಕದ ಜೇಬಿನಲ್ಲಿ ಕೂರುವ ಗಾತ್ರ. ಪ್ರತಿ ತಿಂಗಳು ಹೊಸ ಕಂತು ಬರುತ್ತದೆ, ಪ್ರತಿಯೊಂದೂ ಯಾವುದಾದರೂ ಒಂದು ಮಾಲೆಗೆ ಸೇರಿರುತ್ತದೆ. ಒಂದು ಮಾಲೆಯಲ್ಲಿ ಗ್ರೀಕ್ ಕೋಟ್ಯಧಿಪತಿಗಳು, ಇನ್ನೊಂದರಲ್ಲಿ ವೈದ್ಯರು ಮತ್ತು ದಾದಿಯರು, ಮತ್ತೊಂದರಲ್ಲಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಡ್ಯೂಕರು. ಐತಿಹಾಸಿಕ ಮಾಲೆಯವು ಸ್ವಲ್ಪ ದಪ್ಪ, 70 ಸಾವಿರ ಪದ ದಾಟುತ್ತವೆ. 1908ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಮಿಲ್ಸ್ ಅಂಡ್ ಬೂನ್ ಮೊದಮೊದಲು ಎಲ್ಲ ಬಗೆಯ ಪುಸ್ತಕಗಳನ್ನೂ ಪ್ರಕಟಿಸುತ್ತಿತ್ತು. 1930ರ ದಶಕದಲ್ಲಿ ಅಲ್ಲಿನ ಬಾಡಿಗೆ ಲೈಬ್ರರಿಗಳ ಬೇಡಿಕೆ ನೋಡಿ ಪ್ರೇಮಕಥೆಗೆ ತಿರುಗಿಕೊಂಡಿತು. ಆಗ ಅದರ ಪುಸ್ತಕಗಳಿಗೆ ಕಂದು ಬಣ್ಣದ ರಟ್ಟು ಇರುತ್ತಿತ್ತು. ನಮ್ಮ ಹಾಸ್ಟೆಲಿನಲ್ಲಿ ವಾರ್ಡನ್ ಕಣ್ಣು ತಪ್ಪಿಸಲು ನಾವು ಹಾಕುತ್ತಿದ್ದುದೂ ಕಂದು ಕಾಗದದ ಹೊದಿಕೆಯೇ! 1971ರಲ್ಲಿ ಅದನ್ನು ಕೆನಡಾದ ಹಾರ್ಲಿಕ್ವಿನ್ ಕೊಂಡಿತು, 2014ರಲ್ಲಿ ಹಾರ್ಲಿಕ್ವಿನ್ ಸಂಸ್ಥೆಯೇ ಹಾರ್ಪರ್‌ಕಾಲಿನ್ಸ್ ಪಾಲಾಯಿತು.

ಇನ್ನು ಆಕರ್ಷಣೆ. ಕೊನೆಯ ಪುಟದಲ್ಲಿ ಇಬ್ಬರೂ ಒಂದಾಗಿರುತ್ತಾರೆ ಎಂಬುದು ಮುಖಪುಟ ನೋಡಿದಾಗಲೇ ಗೊತ್ತು. ಅದನ್ನೇ ದೋಷವೆಂದು ಎತ್ತಿ ಆಡುವವರಿಗೆ ನನ್ನದೊಂದು ಪ್ರಶ್ನೆ: ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆಂದು ಗೊತ್ತಿದ್ದೂ ಜನ ಬೆಳಗಿನ ಜಾವದವರೆಗೆ ಕುಳಿತಿರುತ್ತಾರಲ್ಲ, ಯಾಕೆ? ಪ್ರಸಂಗ ತಿಳಿದದ್ದೇ, ಇವತ್ತಿನ ಅರ್ಥಗಾರಿಕೆ ಹೇಗಿದೆ ಎಂದು ನೋಡುವುದಕ್ಕೆ. ಈ ಪುಸ್ತಕಗಳಲ್ಲೂ ತೂಕವೆಲ್ಲ ನಡುವಿನ ಭಾಗದ ಮೇಲೆ ಬೀಳುತ್ತದೆ. ಬಾಡಿಗೆ ಪ್ರತಿಗಳಲ್ಲಿ ಕೊನೆಯ ಹಾಳೆ ಹರಿದು ಹೋಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎಂಬತ್ತನೆಯ ಪುಟದಿಂದ ನಾಲ್ಕು ಹಾಳೆ ಮಾಯವಾಗಿದ್ದರೆ ಮಾತ್ರ ಕೌಂಟರಿನಲ್ಲಿ ಜಗಳ.

ಕನ್ನಡದ ಜನಪ್ರಿಯ ಕಾದಂಬರಿಗಳನ್ನು ಓದಿ ಬೆಳೆದವರಿಗೆ ಈ ಭರವಸೆ ಎಷ್ಟು ಹೊಸದು ಎಂಬುದು ತಕ್ಷಣ ತಿಳಿಯುತ್ತದೆ. ಅಮ್ಮನ ಅಲಮಾರಿಯಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ ಸಾಲಾಗಿ ಇದ್ದರು. ಅವರ್ಯಾರೂ ಓದುಗರಿಗೆ ಸುಖಾಂತ್ಯದ ಮುಚ್ಚಳಿಕೆ ಬರೆದುಕೊಟ್ಟವರಲ್ಲ. ತ್ರಿವೇಣಿಯವರ ನಾಯಕಿ ಕಥೆ ಮುಗಿಯುವ ಹೊತ್ತಿಗೆ ಮಾನಸಿಕ ಆಸ್ಪತ್ರೆಯಲ್ಲಿರಬಹುದು. ಇಷ್ಟಕ್ಕೂ ನಮ್ಮ ಕಾದಂಬರಿಗಳಲ್ಲಿ ಪ್ರೇಮಿಗಳು ಇಬ್ಬರೇ ಇರುವುದು ಯಾವಾಗ? ಅತ್ತೆ, ಸೋದರಮಾವ, ಮದುವೆಯಾಗದ ಅಕ್ಕ, ನಿವೃತ್ತರಾದ ಅಪ್ಪ, ಎಲ್ಲರೂ ಕಥೆಯೊಳಗೆ ಕುಳಿತು ಕಾಫಿ ಕುಡಿಯುತ್ತಿರುತ್ತಾರೆ. ಈ ಕಿರು ಕಾದಂಬರಿಗಳ ನಾಯಕಿಗೆ ಹೆಚ್ಚಾಗಿ ತಾಯಿ ಇರುವುದಿಲ್ಲ, ಇದ್ದರೂ ಬೇರೆ ದೇಶದಲ್ಲಿರುತ್ತಾಳೆ. ‘ಎಲ್ಲಿಗೆ ಹೊರಟೆ, ಎಷ್ಟು ಹೊತ್ತಿಗೆ ಬರುತ್ತೀಯಾ’ ಎಂದು ಕೇಳುವವರೇ ಇಲ್ಲದ ಲೋಕ ಅದು. ಹತ್ತೊಂಬತ್ತರ ವಯಸ್ಸಿನಲ್ಲಿ ನನ್ನನ್ನು ಸೆಳೆದದ್ದು ಆ ಕೋಟ್ಯಧಿಪತಿಯಲ್ಲ, ಈ ಪ್ರಶ್ನೆಯಿಲ್ಲದ ಬಾಗಿಲು.

ಅಮೆರಿಕದ ವಿದ್ವಾಂಸೆ ಜಾನಿಸ್ ರಾಡ್ವೇ ಪ್ರೇಮ ಕಾದಂಬರಿಗಳ ಓದುಗರಾದ ಗೃಹಿಣಿಯರನ್ನು ಮಾತನಾಡಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥದೇ ಒಂದು ಮಾತಿದೆ: ಓದುವ ಹೊತ್ತು ಮನೆಯ ಬೇಡಿಕೆಗಳಿಂದ ಆ ಹೆಂಗಸರು ತಮಗಾಗಿ ಕಿತ್ತುಕೊಂಡ ಹೊತ್ತು. ವಿಜಯನಗರದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗದ ಮೆಟ್ರೋದಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಪುಸ್ತಕ ಹಿಡಿದು ಹೋಗುವ ನನಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಜೆಸ್ಟಿಕ್‌ನಲ್ಲಿ ಜನ ಮೈಮೇಲೆ ಬಿದ್ದರೂ ಕಥೆಯ ಎಳೆ ತಪ್ಪುವುದಿಲ್ಲ. ದೊಡ್ಡ ಕಾದಂಬರಿಗಳಿಗೆ ಈ ಸಹನೆ ಇಲ್ಲ.

ಈಗ ತಕರಾರು. ಎಲ್ಲ ಒಂದೇ ಥರ ಎಂಬ ಮಾಮೂಲಿ ದೂರನ್ನು ನಾನು ಮಾಡುವುದಿಲ್ಲ. ನನ್ನ ದೂರು ಅಡ್ಡಿಯ ಬಗ್ಗೆ. ಅಂತ್ಯ ನಿಗದಿಯಾಗಿರುವಾಗ ಇಬ್ಬರ ನಡುವಿನ ಅಡ್ಡಿ ನಿಜವಾದದ್ದಾಗಿರಬೇಕು. 50 ಸಾವಿರ ಪದಗಳಲ್ಲಿ ನಿಜವಾದ ಒಂದು ಅಡ್ಡಿಯನ್ನು ಕಟ್ಟಿ ಬಿಡಿಸಲು ಧಾರಾಳ ಜಾಗವಿದೆ. ಕೆಟ್ಟ ಪುಸ್ತಕದಲ್ಲಿ ಅಡ್ಡಿ ಎಂದರೆ ತಪ್ಪು ತಿಳಿವಳಿಕೆ ಮಾತ್ರ. ಅವನು ಯಾರನ್ನೋ ಅಪ್ಪಿಕೊಂಡದ್ದನ್ನು ಇವಳು ಕಿಟಕಿಯಿಂದ ನೋಡಿದಳು, ಅವಳು ಅವನ ತಂಗಿ, ಇದು ತಿಳಿಯಲು ನೂರು ಪುಟ. ಒಂದು ಫೋನ್ ಕರೆಯಲ್ಲಿ ಬಗೆಹರಿಯುವ ವಿಷಯಕ್ಕೆ ಇಬ್ಬರೂ ಎರಡು ಖಂಡಗಳಿಗೆ ಓಡಿ ಹೋಗುತ್ತಾರೆ. ವೈದ್ಯರ ಮಾಲೆಯ ಮೇಲೆ ನನಗೆ ಪಕ್ಷಪಾತವಿರುವುದು ಇದಕ್ಕೇ. ಅಲ್ಲಿ ರಾತ್ರಿ ಪಾಳಿ ಇದೆ, ಉಳಿಸಿಕೊಳ್ಳಲಾಗದ ರೋಗಿ ಇದ್ದಾನೆ, ಬೇರೆ ಊರಿನಲ್ಲಿ ಸಿಕ್ಕ ಒಳ್ಳೆಯ ಕೆಲಸವಿದೆ. ಪ್ರೀತಿಗೆ ಅಡ್ಡ ನಿಲ್ಲುವಷ್ಟು ಗಟ್ಟಿಯಾದದ್ದು ಏನೋ ಒಂದು ಇರುತ್ತದೆ.

ಕೋಟ್ಯಧಿಪತಿಗಳ ಮಾಲೆಯಲ್ಲಿ ಮಾಲೀಕ ಮತ್ತು ಕಾರ್ಯದರ್ಶಿಯ ಕಥೆಗಳು ಮುಗಿಯುವುದೇ ಇಲ್ಲ. ಅವನು ಗದರಿಸುತ್ತಾನೆ, ರಾತ್ರಿ ಹನ್ನೊಂದಕ್ಕೆ ಕೆಲಸಕ್ಕೆ ಕರೆಯುತ್ತಾನೆ, ಖಾಸಗಿ ವಿಮಾನ ಹತ್ತಿಸುತ್ತಾನೆ, ಒಪ್ಪಂದದ ಮದುವೆಯ ಕಾಗದ ಮುಂದಿಡುತ್ತಾನೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಬಂದ ಮೇಲೆ ನಮ್ಮ ಕಚೇರಿಯಲ್ಲಾಗಿದ್ದರೆ ಮೂರನೆಯ ಅಧ್ಯಾಯಕ್ಕೇ ಆಂತರಿಕ ದೂರು ಸಮಿತಿ ಸಭೆ ಸೇರಬೇಕಾಗುತ್ತಿತ್ತು. ತಮಾಷೆ ಹಾಗಿರಲಿ, 1970 ಮತ್ತು 80ರ ದಶಕದ ಪುಸ್ತಕಗಳನ್ನು ಎಚ್ಚರಿಕೆಯಿಂದ ತೆಗೆದುಕೊಳ್ಳಿ. ಕೈ ತಿರುಚುವ, ‘ಬೇಡ’ ಎಂದರೂ ಬಿಡದ ನಾಯಕರು ಅವುಗಳಲ್ಲಿ ಬಹಳ. ಆ ಕ್ರೌರ್ಯವೇ ಪ್ರೀತಿಯ ಗುರುತು ಎಂದು ಕೊನೆಯಲ್ಲಿ ತಿಪ್ಪೆ ಸಾರಿಸಿರುತ್ತಾರೆ. ಹದಿನಾರರ ಹುಡುಗಿಯ ಕೈಗೆ ಅದನ್ನು ಮಾತಿಲ್ಲದೆ ಕೊಡಲು ನನಗೆ ಮನಸ್ಸಿಲ್ಲ. ಈಗಿನವು ಬಹುಪಾಲು ಸುಧಾರಿಸಿವೆ. ನಾಯಕ ಕೇಳುತ್ತಾನೆ, ನಾಯಕಿ ಉತ್ತರಿಸುತ್ತಾಳೆ. ತೊಂದರೆ ಏನೆಂದರೆ ಹಳೆಯವೇ ಹೊಸ ಮುಖಪುಟ ತೊಟ್ಟು ಇ-ಪುಸ್ತಕಗಳಾಗಿ ಬರುತ್ತವೆ. ಕೊಳ್ಳುವ ಮೊದಲು ಮಾದರಿ ಪುಟಗಳಲ್ಲಿ ಹಕ್ಕುಸ್ವಾಮ್ಯದ ವರ್ಷ ನೋಡುವುದನ್ನು ರೂಢಿಸಿಕೊಳ್ಳಿ.

ಅದೇ ಪುಟ ಇನ್ನೊಂದು ನಷ್ಟವನ್ನೂ ತಪ್ಪಿಸುತ್ತದೆ. ಎರಡು ಮೂರು ಹಳೆಯ ಕಾದಂಬರಿಗಳನ್ನು ಒಂದೇ ಸಂಪುಟದಲ್ಲಿ ಸೇರಿಸಿ ಹೊಸ ಹೆಸರಿಟ್ಟು ಮಾರುವ ಪದ್ಧತಿ ಇದೆ. ಒಳಗಿನ ಶೀರ್ಷಿಕೆಗಳು ಅಲ್ಲಿ ಸಣ್ಣಕ್ಷರದಲ್ಲಿರುತ್ತವೆ. ಬಾಡಿಗೆ ಲೈಬ್ರರಿಯ ಕಾಲದಲ್ಲಿ ನಾವು ಓದಿದ ಪುಸ್ತಕದ ಕೊನೆಯ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಗುರುತು ಹಾಕುತ್ತಿದ್ದೆವು. ಒಬ್ಬೊಬ್ಬರದು ಒಂದೊಂದು ಗುರುತು. ಕೌಂಟರಿನ ಯಜಮಾನರು ಕನ್ನಡಕದ ಮೇಲಿಂದ ನೋಡಿ, ‘ಇದು ಬೇಡಮ್ಮ, ಮೂಲೆಯಲ್ಲಿ ನಿಮ್ಮದೇ ನಕ್ಷತ್ರವಿದೆ’ ಎಂದು ಪುಸ್ತಕವನ್ನು ಕಪಾಟಿಗೆ ಮರಳಿಸುತ್ತಿದ್ದರು. ಯಾವ ಆ್ಯಪ್ ಕೂಡ ನನಗೆ ಈ ಸೇವೆ ಒದಗಿಸಿಲ್ಲ.

ಆ್ಯಪ್ ಎಂದಾಗ ನೆನಪಾಯಿತು. ಕನ್ನಡದಲ್ಲಿ ಮೊಬೈಲಿನಲ್ಲೇ ಓದಬಹುದಾದ ಧಾರಾವಾಹಿ ಪ್ರೇಮಕಥೆಗಳು ಈಗ ಬೇಕಾದಷ್ಟಿವೆ, ಅವುಗಳಲ್ಲಿ ಚೆನ್ನಾಗಿ ಬರೆಯುವವರೂ ಇದ್ದಾರೆ. ಬಸವನಗುಡಿಯ ಗಾಂಧಿ ಬಜಾರಿನಲ್ಲಿ ನಾಯಕಿ ಸೇವಂತಿಗೆಗೆ ಚೌಕಾಶಿ ಮಾಡುವುದನ್ನು ಓದುವ ಸುಖ ಗ್ರೀಕ್ ದ್ವೀಪದ ವರ್ಣನೆಯಲ್ಲಿ ಸಿಗುವುದಿಲ್ಲ. ಆದರೆ ನಾನು ಬಳಸಿದ ಒಂದು ಆ್ಯಪ್‌ನಲ್ಲಿ ಮುಂದಿನ ಕಂತಿಗೆ ಕಾಯಬೇಕು, ಇಲ್ಲವೇ ದುಡ್ಡು ಕಟ್ಟಬೇಕು. ಕಂತಿಗೊಂದು ಕುತೂಹಲ ಬೇಕಾದ್ದರಿಂದ ಕಥೆ ಹಿಗ್ಗುತ್ತದೆ. ಮೂವತ್ತನೆಯ ಕಂತಿನಲ್ಲಿ ಮುಗಿಯಬೇಕಿದ್ದ ಮುನಿಸು ನೂರರಲ್ಲೂ ಹಾಗೇ ಇರುತ್ತದೆ. 190 ಪುಟಕ್ಕೆ ಲೇಖಕಿಯನ್ನು ಕಟ್ಟಿಹಾಕುವ ಆ ಹಳೆಯ ಶಿಸ್ತಿನ ಬೆಲೆ ನನಗೆ ತಿಳಿದದ್ದು ಆಗಲೇ. ಹಾರ್ಲಿಕ್ವಿನ್ 2008ರಲ್ಲಿ ಭಾರತದಲ್ಲಿ ಶಾಖೆ ತೆರೆದು ಇಲ್ಲಿನ ಲೇಖಕಿಯರಿಂದಲೂ ಇಂಗ್ಲಿಷಿನಲ್ಲಿ ಬರೆಸಿತು. ಅದೇ ಅಳತೆಯಲ್ಲಿ, ಅದೇ ನಿಯಮದಲ್ಲಿ, ತಿಂಗಳಿಗೆ ನಾಲ್ಕು ಕನ್ನಡ ಕಾದಂಬರಿ ಯಾರಾದರೂ ತಂದರೆ ಮೊದಲ ವರ್ಷದ ಚಂದಾ ನನ್ನದು.

ಕೊಳ್ಳುವವರಿಗೆ ಇನ್ನೊಂದೆರಡು ಮಾತು. ಮಾಲೆಯನ್ನು ನಂಬಬೇಡಿ, ಲೇಖಕಿಯನ್ನು ನಂಬಿ. ಒಂದೇ ಮಾಲೆಯಲ್ಲಿ ಚಿನ್ನವೂ ತವರವೂ ಒಂದೇ ಮುಖಪುಟದಲ್ಲಿ ಬರುತ್ತವೆ. ಅಂಗಡಿಯಲ್ಲಿ ನಿಂತು ನಡುವಿನ ಅಧ್ಯಾಯವೊಂದನ್ನು ತೆರೆದು ಇಬ್ಬರೂ ಮಾತನಾಡುವ ಪುಟ ಓದಿ. ಮಾತಿನಲ್ಲಿ ಜೀವವಿದ್ದರೆ ತೆಗೆದುಕೊಳ್ಳಿ, ಕಣ್ಣಿನ ಬಣ್ಣದ ಬಗ್ಗೆಯೇ ಎರಡು ಪ್ಯಾರಾ ಇದ್ದರೆ ಇಟ್ಟುಬಿಡಿ. ಒಂದರ ಹಿಂದೆ ಒಂದು ಓದಬೇಡಿ, ಮೂರನೆಯದರ ಹೊತ್ತಿಗೆ ನಾಯಕರ ಹೆಸರು ಕಲಸಿಹೋಗುತ್ತದೆ. ಹೊಸ ಪ್ರತಿ ಮಳಿಗೆಯ ಕಪಾಟಿನಲ್ಲಿರುವುದು ಮಾಸಪತ್ರಿಕೆಯಂತೆ ಹೆಚ್ಚೆಂದರೆ ಒಂದು ತಿಂಗಳು. ಉಳಿದವನ್ನು ಅರೆದು ತಿರುಳು ಮಾಡುತ್ತಾರೆ. ಇಂಗ್ಲೆಂಡಿನಲ್ಲಿ 2003ರಲ್ಲಿ ತೆರೆದ ಎಂ6 ಟೋಲ್ ಹೆದ್ದಾರಿಯ ಡಾಂಬರಿಗೆ ಸುಮಾರು 25 ಲಕ್ಷ ಮಿಲ್ಸ್ ಅಂಡ್ ಬೂನ್ ಪ್ರತಿಗಳ ತಿರುಳನ್ನು ಬೆರೆಸಿದ್ದರಂತೆ. ನಮ್ಮ ಹೊರವರ್ತುಲ ರಸ್ತೆಗೂ ಹಾಗೆ ಮಾಡಬಾರದೇ ಎಂದು ಗುಂಡಿ ಬಂದಾಗಲೆಲ್ಲ ಅನ್ನಿಸುತ್ತದೆ. ಆದ್ದರಿಂದ ಇಷ್ಟವಾದ ಲೇಖಕಿಯ ಪುಸ್ತಕ ಕಂಡ ತಿಂಗಳೇ ಕೊಳ್ಳಿ. ತಪ್ಪಿಹೋದರೆ ಚರ್ಚ್ ಸ್ಟ್ರೀಟಿನ ಹಳೆ ಪ್ರತಿಗಳ ರಾಶಿಯಲ್ಲಿ ಬೆನ್ನಿನ ಮೇಲಿನ ಕ್ರಮಸಂಖ್ಯೆ ನೋಡಿ ಹುಡುಕಬೇಕು. ಅಲ್ಲಿ ಬೆಲೆ ಕಡಿಮೆ, ಧೂಳು ಜಾಸ್ತಿ.

ಐದಕ್ಕೆ ಮೂರೂವರೆ ನಕ್ಷತ್ರ. ವೈದ್ಯರ ಮಾಲೆಗಾದರೆ ನಾಲ್ಕು.