ಎರೆಮಣ್ಣಿಗೆ ಪವರ್‌ಸಾಯಿಲ್ ಪ್ರೊ ಕಿಟ್ ಹೇಗಿದೆ: ಎರಡು ವರ್ಷ ಬಳಸಿದ ಮೇಲೆ

ಹುಲ್ಲುಗಾವಲಿನ ಮಣ್ಣಲ್ಲಿ ಯಾವ್ಯಾವ ಬ್ಯಾಕ್ಟೀರಿಯಾ, ಫಂಗಸ್ ಇದೆ ಅಂತ ನೋಡೋ ಪ್ರಾಜೆಕ್ಟಲ್ಲಿ ನಾನು ಮಾಲಿಕ್ಯುಲರ್ ಲ್ಯಾಬ್ ಟೆಕ್ನಿಶಿಯನ್. ಫೀಲ್ಡಿಂದ ಮಣ್ಣು ಬಂದಾಗಿಂದ ಡಿಎನ್ಎ ತೆಗೆದು, ಪಿಸಿಆರ್ ಮಾಡಿ (ಬೇಕಾದ ಡಿಎನ್ಎ ತುಣುಕನ್ನ ಲಕ್ಷಗಟ್ಲೆ ಪ್ರತಿ ಮಾಡೋದು), ಸೀಕ್ವೆನ್ಸಿಂಗಿಗೆ (ಡಿಎನ್ಎ ಅಕ್ಷರ ಓದೋದಕ್ಕೆ) ಕಳ್ಸೋವರೆಗೂ ಕೆಲಸ ನಂದೇ. ಮಣ್ಣಿಂದ ಡಿಎನ್ಎ ತೆಗೆಯೋಕೆ ಕ್ವಯಾಜೆನ್ ಕಂಪನಿಯ ಪವರ್‌ಸಾಯಿಲ್ ಪ್ರೊ ಕಿಟ್ಟನ್ನ ಅಷ್ಟು ದುಡ್ಡು ಕೊಟ್ಟು ತಗೋಬೇಕಾ ಅಂತ ಹೊಸದಾಗಿ ಸೇರಿದವ್ರು ಕೇಳ್ತಾನೇ ಇರ್ತಾರೆ, ಅದಕ್ಕೇ ಬರೀತಿದೀನಿ.

ನಮಗೆ ಎರಡು ಥರ ಮಣ್ಣು ಬರತ್ತೆ. ಹೆಸರಘಟ್ಟದ ಕಡೆಯ ಕೆಮ್ಮಣ್ಣು, ಚಿತ್ರದುರ್ಗದ ಕಡೆ ಕಾವಲಿನ (ಹುಲ್ಲುಗಾವಲಿನ) ಎರೆಮಣ್ಣು. ಕೆಮ್ಮಣ್ಣು ಯಾವ ಮೆಥಡ್‌ಗಾದ್ರೂ ಒಗ್ಗತ್ತೆ, ತಲೆನೋವು ಇರೋದೆಲ್ಲ ಎರೆಮಣ್ಣಲ್ಲಿ. ಅದರಲ್ಲಿ ಜೇಡಿ ಜಾಸ್ತಿ, ಡಿಎನ್ಎ ಹೋಗಿ ಜೇಡಿಗೆ ಅಂಟ್ಕೊಳತ್ತೆ, ಮೇಲಿಂದ ವರ್ಷಾನುಗಟ್ಲೆ ಹುಲ್ಲಿನ ಬೇರು ಕೊಳೆತು ಆಗಿರೋ ಹ್ಯೂಮಿಕ್ ಆಸಿಡ್ ಡಿಎನ್ಎ ಜೊತೆಗೇ ಹೊರಗೆ ಬಂದು ಪಿಸಿಆರ್ ಎಂಜೈಮ್ ಕೆಲಸ ಮಾಡದ ಹಾಗೆ ತಡೀತದೆ. ಮೊದಲು ನಾವು ಸಿಟಿಎಬಿ ಅನ್ನೋ ಡಿಟರ್ಜೆಂಟ್ ಹಾಕಿ, ಫಿನಾಲ್ ಕ್ಲೋರೋಫಾರ್ಮ್‌ನಲ್ಲೇ ಡಿಎನ್ಎ ತೆಗೀತಿದ್ವಿ. ಇಡೀ ದಿನ ಹೊಗೆ ಎಳೆಯೋ ಹುಡ್ ಮುಂದೆ ನಿಂತು ಕೊನೆಗೆ ಸಿಕ್ತಿದ್ದು ತೆಳ್ಳಗಿನ ಡಿಕಾಕ್ಷನ್ ಬಣ್ಣದ ನೀರು, ನ್ಯಾನೋಡ್ರಾಪ್ ಮೆಷಿನ್ನಲ್ಲಿ ಡಿಎನ್ಎ ಎಷ್ಟು ಶುದ್ಧ ಅಂತ ಹೇಳೋ 260/230 ರೀಡಿಂಗ್ 1 ಕೂಡ ದಾಟ್ತಿರ್ಲಿಲ್ಲ, ಪಿಸಿಆರ್ ಆದ್ಮೇಲೆ ಡಿಎನ್ಎ ಪಟ್ಟಿ (ಬ್ಯಾಂಡ್) ನೋಡೋಕೆ ಜೆಲ್ ಹಾಕಿದ್ರೆ ಅಳತೆಗೆ ಹಾಕೋ ಲ್ಯಾಡರ್ ಒಂದು ಬಿಟ್ಟು ಎಲ್ಲಾ ಖಾಲಿ. ಡಿಎನ್ಎ ಇದೆ ಅಂತ ಗೊತ್ತು, ಆದ್ರೆ ಹತ್ತು ಪಟ್ಟು, ಐವತ್ತು ಪಟ್ಟು ನೀರು ಬೆರೆಸಿ ಹ್ಯೂಮಿಕ್ ಆಸಿಡ್ ತೆಳುವಾದ ಮೇಲೇನೇ ಬ್ಯಾಂಡ್ ಕಾಣ್ತಿತ್ತು.

ಈ ಕಿಟ್ಟಲ್ಲಿ ನಂಗೆ ತುಂಬಾ ಇಷ್ಟ ಆಗೋದು ಸಿಡಿ2 ಅನ್ನೋ, ಕೊಳೆ ತೆಗೆಯೋ ದ್ರಾವಣ ಹಾಕೋ ಸ್ಟೆಪ್. ಮಣಿ ಇರೋ ಟ್ಯೂಬಿಗೆ ಮಣ್ಣು ಹಾಕಿ, 800 ಮೈಕ್ರೋಲೀಟರ್ ಸಿಡಿ1 (ಜೀವಕೋಶ ಒಡೆಯೋ ದ್ರಾವಣ) ಹಾಕಿ, 10 ನಿಮಿಷ ವೋರ್ಟೆಕ್ಸ್ ಮೆಷಿನ್ನಲ್ಲಿ ಜೋರಾಗಿ ಅಲ್ಲಾಡ್ಸಿ, ಸೆಂಟ್ರಿಫ್ಯೂಜಲ್ಲಿ ಸ್ಪಿನ್ ಮಾಡಿದಾಗ ಮೇಲಿನ ನೀರು ಇನ್ನೂ ಕಂದು ಕಂದಾಗೇ ಇರತ್ತೆ. ಅದಕ್ಕೆ 200 ಮೈಕ್ರೋಲೀಟರ್ ಸಿಡಿ2 ಹಾಕಿ 5 ಸೆಕೆಂಡ್ ಅಲ್ಲಾಡ್ಸಿ ಮತ್ತೆ ಒಂದು ನಿಮಿಷ ಸ್ಪಿನ್ ಕೊಟ್ರೆ ಕೊಳೆಯೆಲ್ಲ ಟ್ಯೂಬಿನ ತಳದಲ್ಲಿ ಗಟ್ಟಿಯಾಗಿ ಕೂತಿರತ್ತೆ, ಮೇಲೆ ತಿಳಿ ನೀರು. ಮೊದಲನೇ ಸಲ ನೋಡಿದಾಗ ಟ್ಯೂಬನ್ನ ಲೈಟಿಗೆ ಹಿಡಿದು ಪಕ್ಕದ ಬೆಂಚ್ ಮೇಡಮ್‌ನ ಕರೆದು ತೋರಿಸಿದ್ದೆ. ಅವತ್ತು ಸಂಜೆ 16ಎಸ್ (ಬ್ಯಾಕ್ಟೀರಿಯಾ ಗುರುತಿಸೋ ಜೀನ್) ಪಿಸಿಆರ್ ಜೆಲ್‌ನಲ್ಲಿ, ಡೈಲ್ಯೂಟ್ ಮಾಡದೇ ಹಾಕಿದ ಎರೆಮಣ್ಣಿನ ಸ್ಯಾಂಪಲ್‌ಗಳ ಬ್ಯಾಂಡ್‌ಗಳು ಸಾಲಾಗಿ ಬಂದ್ವು.

ಆದ್ರೆ ಎರೆಮಣ್ಣಿಗೆ ಒಂದೆರಡು ವಿಷಯ ಗೊತ್ತಿರ್ಬೇಕು. 250 ಮಿಲಿಗ್ರಾಂವರೆಗೂ ಹಾಕ್ಬಹುದು ಅಂತ ಕಿಟ್ ಪುಸ್ತಕದಲ್ಲಿದೆ, ಆದ್ರೆ ಈ ಮಣ್ಣು ನೀರು ಕುಡಿದು ಉಬ್ಬತ್ತೆ, ಒಣಗಿದ ಮಣ್ಣನ್ನ ಅಷ್ಟು ಹಾಕಿದ್ರೆ ಸಿಡಿ1 ಎಲ್ಲ ಅದೇ ಹೀರ್ಕೊಂಡು ಮೇಲೆ ಸಿಗೋ ನೀರು ಕಮ್ಮಿ ಆಗತ್ತೆ. ನಾನು 200 ಮಿಲಿಗ್ರಾಂ ಹಾಕ್ತೀನಿ, ಬೇರಿನ ಚೂರುಗಳನ್ನ ಚಿಮಟದಲ್ಲಿ ಆರಿಸಿ ತೆಗೆದು. ಇನ್ನೊಂದು, ವೋರ್ಟೆಕ್ಸಲ್ಲಿ ಒಟ್ಟಿಗೆ 12ಕ್ಕಿಂತ ಜಾಸ್ತಿ ಟ್ಯೂಬ್ ಇಟ್ರೆ 5ರಿಂದ 10 ನಿಮಿಷ ಜಾಸ್ತಿ ಓಡಿಸಿ, ಇದೂ ಪುಸ್ತಕದಲ್ಲೇ ಇದೆ, ಅವಸರದಲ್ಲಿ ಯಾರೂ ಓದಲ್ಲ. ಮತ್ತೆ ಪ್ರತಿ ಬ್ಯಾಚಲ್ಲೂ ಮಣ್ಣು ಹಾಕದ ಒಂದು ಖಾಲಿ ಟ್ಯೂಬ್ (ಬ್ಲ್ಯಾಂಕ್) ಇಡಲೇಬೇಕು. ಯಾವ ಕಂಪನಿ ಕಿಟ್ಟೇ ಆಗ್ಲಿ, ಅದರದ್ದೇ ಸ್ವಲ್ಪ ಡಿಎನ್ಎ ಇರಬಹುದು, ಅದನ್ನ ಕಾವಲಿನ ಬ್ಯಾಕ್ಟೀರಿಯಾ ಅಂತ ಬರ್ಕೊಂಡ್ರೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. 50 ಸಲಕ್ಕಾಗೋ ಕಿಟ್ಟಲ್ಲಿ ಬ್ಲ್ಯಾಂಕ್‌ಗೆ ಟ್ಯೂಬ್ ಹಾಳು ಅಂತ ಕೆಲವರು ಗೊಣಗ್ತಾರೆ, ದಯವಿಟ್ಟು ಹಾಗೆ ಅನ್ಕೋಬೇಡಿ.

ರೇಟು ಜಾಸ್ತಿನೇ, ಒಂದೊಂದು ಸ್ಯಾಂಪಲ್ಲಿಗೂ ನೂರಾರು ರೂಪಾಯಿ ಬೀಳತ್ತೆ. ಕೆಮ್ಮಣ್ಣು ಮಾತ್ರ ಇದ್ರೆ, ಸ್ಯಾಂಪಲ್ ಕಮ್ಮಿ ಇದ್ರೆ ಹಳೇ ಮೆಥಡ್ಡೇ ಸಾಕು. ಎರೆಮಣ್ಣಿದ್ರೆ ಯೋಚನೆ ಮಾಡದೆ ತಗೊಳ್ಳಿ.

ನಂಗೆ ಬೇಜಾರಾಗಿದ್ದು ಕಿಟ್ ಬಗ್ಗೆ ಅಲ್ಲ, ತರಿಸಿಕೊಟ್ಟ ಡೀಲರ್ ಬಗ್ಗೆ. ಸಿಡಿ2ನ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಅವ್ರು ಶುಕ್ರವಾರ ಸಂಜೆ ಬಾಕ್ಸನ್ನ ಗೇಟಲ್ಲಿ ಬಿಟ್ಟು ಒಂದು ಫೋನೂ ಮಾಡದೆ ಹೋದ್ರು, ಸೋಮವಾರದವರೆಗೂ ಏಪ್ರಿಲ್ ಬಿಸಿಲಲ್ಲಿ ಅಲ್ಲೇ ಬಿದ್ದಿತ್ತು. ಬದಲಿ ಬಾಟಲಿ ಬರೋಕೆ ಮೂರು ವಾರ. ಅಷ್ಟೂ ದಿನ ಫೀಲ್ಡ್ ಹುಡುಗ್ರು ಬಿಸಿಲಲ್ಲಿ ಒಂದೊಂದು ಪ್ಲಾಟಿಗೂ ಆಗರ್‌ನ (ಮಣ್ಣು ಕೊರೆದು ತೆಗೆಯೋ ಸಲಕರಣೆ) ಸ್ಪಿರಿಟ್ಟಲ್ಲಿ ಒರೆಸಿ ಒರೆಸಿ ತಂದ ಮಣ್ಣು ಮೈನಸ್ 80 ಫ್ರೀಜರಲ್ಲಿ ಕಾಯ್ತಾ ಇತ್ತು, ಕರೆಂಟ್ ಹೋದಾಗಲೆಲ್ಲ ನನ್ ಜೀವ ಬಾಯಿಗೆ ಬರ್ತಿತ್ತು. ಜನ ಕಾವಲನ್ನ ಬೀಳು ಭೂಮಿ ಅಂದ್ಕೊಂಡಿದಾರೆ, ಉತ್ತುಬಿಟ್ರೆ, ಕಟ್ಟಡ ಎದ್ರೆ ಅದೇ ಜಾಗದ ಮಣ್ಣು ಮತ್ತೆ ಹಾಗೇ ಸಿಗಲ್ಲ.

ಈ ಸಲ ಬೇರೆ ಡೀಲರ್ ಹತ್ರ, ಸೋಮವಾರ ಅಥವಾ ಮಂಗಳವಾರವೇ ಡೆಲಿವರಿ ಆಗ್ಬೇಕು ಅಂತ ಆರ್ಡರಲ್ಲೇ ಬರೆಸಿದೀವಿ. ಮೇ ಕೊನೆಗೆ ಎರಡು ಬಾಕ್ಸ್ ಬರತ್ತೆ, ಜೂನ್ ಮಳೆಗೆ ಹುಲ್ಲು ಚಿಗುರೋ ಹೊತ್ತಿಗೆ ರೆಡಿ ಇರ್ತೀವಿ.