ಗೇಮ್ ಆಫ್ ಥ್ರೋನ್ಸ್: ಓದುವುದೋ, ನೋಡುವುದೋ?

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಯಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ‘ಗೇಮ್ ಆಫ್ ಥ್ರೋನ್ಸ್’ ಕಾದಂಬರಿ ಹಿಡಿದು, ‘ಇದರ ಟಿವಿ ಸೀರೀಸ್ ನೋಡಿದರೆ ಸಾಲದೇ?’ ಎನ್ನುವವರಿಗೆ ನನ್ನ ಉತ್ತರ: ಮೊದಲು ಓದಿ.

ಪುಸ್ತಕದಲ್ಲಿ ಒಂದೊಂದು ಅಧ್ಯಾಯವೂ ಒಬ್ಬೊಬ್ಬರ ಕಣ್ಣಲ್ಲಿ ಸಾಗುತ್ತದೆ. ಅವರಿಗೆ ತಿಳಿಯದ್ದು ನಮಗೂ ತಿಳಿಯದು. ಆರಂಭದಲ್ಲಿ ಸ್ಟಾರ್ಕ್ ಮನೆಯಲ್ಲಿ ಒಟ್ಟಿಗೆ ಬೆಳೆದ ಜಾನ್, ರಾಬ್ ಇಬ್ಬರಿಗೂ ಬರೀ 14 ವರ್ಷ. ಅಷ್ಟು ಎಳೆಯ ಹೆಗಲಿಗೆ ಯುದ್ಧದ ಭಾರ ಬೀಳುವುದನ್ನು ಓದುವಾಗ ಕರುಳು ಚುರುಕ್ಕೆನ್ನುತ್ತದೆ. ತೆರೆಯ ಮೇಲೆ ಅವರು ಬೆಳೆದ ಯುವಕರು, ಆ ಸಂಕಟ ತೆಳುವಾಗಿದೆ. ಆದರೆ ಮಾತಿನ ಚತುರ ಟಿರಿಯನ್‌ನ ಪಾತ್ರದಲ್ಲಿ ನಟ ಪೀಟರ್ ಡಿಂಕ್ಲೇಜ್ ಬಂದರೆ ಕಣ್ಣು ಕೀಳಲಾಗದು!

1996ರಲ್ಲಿ ಶುರುವಾದ ಕಾದಂಬರಿ ಸರಣಿಯ ಐದನೇ ಸಂಪುಟ ಬಂದದ್ದು 2011ರಲ್ಲಿ; ಆರನೆಯದಕ್ಕೆ ವರ್ಷಗಟ್ಟಲೆ ಕಾದಿದ್ದೇವೆ. ಸೀರೀಸ್ 73 ಕಂತುಗಳಲ್ಲಿ, 2019ಕ್ಕೆ ಮುಗಿದಿದೆ. ಕೊನೆಯ ಸೀಸನ್ ಅವಸರದ್ದು, ಆರೇ ಕಂತು. ಅಂತ್ಯ ಬೇಕೇ ಬೇಕೆಂದರೆ ನೋಡಿ.

ಬಿಡುವಿಲ್ಲವೇ? ವೈಟ್‌ಫೀಲ್ಡ್ ಮೆಟ್ರೋದಲ್ಲಿ ಸೀಟು ಸಿಕ್ಕಾಗ ಮೊದಲ ಸಂಪುಟ ಓದಿ ಮುಗಿಸಿ, ಆಮೇಲೆ ಮೊದಲ ಸೀಸನ್ ಹಾಕಿಕೊಳ್ಳಿ.